ಅರ್ಧ ಬರೆದ ಲೆಕ್ಕ ಯಾರ ತಲೆಗೆ?

ನಮ್ಮ ಕಾಲೇಜು ಲೈಬ್ರರಿಯಲ್ಲಿ ಒಂದು ಅಕೌಂಟೆನ್ಸಿ ಗೈಡ್‌ನ ಮೂರು ಪ್ರತಿಗಳಿವೆ. ಡಿಸೆಂಬರ್‌ನಲ್ಲಿ ಲೈಬ್ರರಿ ಕಂಪ್ಯೂಟರ್‌ನ ಒಂದು ಪುಟ, ಮೂರೂ ಪ್ರತಿಗಳು ಕಪಾಟಿನಲ್ಲಿವೆ ಎಂದು ತೋರಿಸುತ್ತಿತ್ತು. ಅದೇ ಕಂಪ್ಯೂಟರ್‌ನ ಇನ್ನೊಂದು ಪುಟ, ಒಂದು ಪ್ರತಿ ನನ್ನ ಗೆಳತಿಯ ಹತ್ತಿರ ಇದೆ ಎನ್ನುತ್ತಿತ್ತು. ಕೊಂಡದ್ದು ಮೂರು, ಲೆಕ್ಕದಲ್ಲಿ ನಾಲ್ಕು. ಇದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ನೋ ಡ್ಯೂ ಸಹಿ ಹಾಕುವಾಗ ಎರಡನೆಯ ಪುಟವನ್ನು ಮಾತ್ರ ತೆರೆಯುತ್ತಾರೆ.

ಗೆಳತಿ ಪುಸ್ತಕವನ್ನು ದಸರಾ ರಜೆಯ ಹಿಂದಿನ ದಿನವೇ ವಾಪಸ್ ಕೊಟ್ಟಿದ್ದಳು. ನಾನು ಅವಳ ಹಿಂದೆಯೇ ಸಾಲಿನಲ್ಲಿ ನಿಂತಿದ್ದೆ. ರಜೆ ಶುರುವಾಗುತ್ತದೆ ಎಂದು ಎಲ್ಲರೂ ಅವತ್ತೇ ಬಂದಿದ್ದರು. ಮೇಡಂ ಬಟನ್ ಒತ್ತಿದರು, ಪರದೆ ಬಿಳಿಯಾಗಿ ಸ್ವಲ್ಪ ಹೊತ್ತು ಹಾಗೇ ನಿಂತಿತು. "ನೆಟ್ ಸ್ಲೋ ಇದೆ, ಹೋಗಮ್ಮ, ಆಗಿದೆ" ಎಂದರು. ಪುಸ್ತಕ ಕಪಾಟಿಗೆ ಹೋಯಿತು.

ಡಿಸೆಂಬರ್ 12ಕ್ಕೆ ಅವಳು ನೋ ಡ್ಯೂ ಕೇಳಲು ಹೋದಾಗ, ಪುಸ್ತಕ ಕೊಡಬೇಕಾದ ದಿನ ಅಕ್ಟೋಬರ್ 8, ಇನ್ನೂ ಬಂದಿಲ್ಲ, 65 ದಿನಕ್ಕೆ 65 ರೂಪಾಯಿ ದಂಡ, ಪುಸ್ತಕ ಕಳೆದಿದ್ದರೆ ಅದರ ಬೆಲೆ 290 ಬೇರೆ ಎಂದು ಬಂತು.

"ಮೇಡಂ, ನಾನು ಕೊಟ್ಟಿದ್ದೀನಿ."

"ಕೊಟ್ಟಿದ್ರೆ ಕಂಪ್ಯೂಟರ್‌ನಲ್ಲಿ ಬರ್ತಿತ್ತಲ್ಲಮ್ಮ. ಮನೇಲಿ ಇನ್ನೊಂದು ಸಲ ಹುಡುಕು."

ಅವಳು ಮನೆಯೆಲ್ಲ ಹುಡುಕಿದಳು. ತಮ್ಮಂದಿರ ಬ್ಯಾಗ್ ಸುರಿದು ನೋಡಿದಳು. ನಾನು ಸಾಕ್ಷಿ ಹೇಳಲು ಹೋದೆ, ಆದರೆ ಗೆಳತಿಯ ಸಾಕ್ಷಿಗೆ ಎಷ್ಟು ಬೆಲೆ? ಅವಳ ಅಬ್ಬಾ ಆಟೋ ಓಡಿಸುತ್ತಾರೆ. ಹಾಲ್ ಟಿಕೆಟ್ ಪಟ್ಟಿ ಮುಗಿಯುತ್ತದೆ ಎಂಬ ಭಯಕ್ಕೆ 355 ರೂಪಾಯಿ ಕಟ್ಟಿದರು. ದುಡ್ಡಿಗಿಂತ ಹೆಚ್ಚಾಗಿ ಅವಳಿಗೆ ನೋವಾದದ್ದು, ಕೊನೆಕೊನೆಗೆ ಅವಳಿಗೇ ತನ್ನ ಮೇಲೆ ಅನುಮಾನ ಬಂದದ್ದು. "ನಾನೇ ಮರೆತಿದ್ದೀನೇನೋ" ಎಂದು ನನ್ನನ್ನೇ ಕೇಳಿದಳು.

ಈ ಲೇಖನ ಲೈಬ್ರರಿ ಮೇಡಂ ವಿರುದ್ಧ ಅಲ್ಲ. ಅಚ್ಚಿಗೆ ಕೊಡುವ ಮೊದಲು ಅವರಿಗೇ ಓದಿಸಿದ್ದೇನೆ. ಪ್ರೋಗ್ರಾಂ ಬರೆದುಕೊಟ್ಟ ನಮ್ಮ ಹಳೆಯ ವಿದ್ಯಾರ್ಥಿಯ ವಿರುದ್ಧವೂ ಅಲ್ಲ. ಅವರು ಈಗ ಬಿಸಿಎ ಓದುತ್ತಿದ್ದಾರೆ, ಒಂದು ಪೈಸೆ ತೆಗೆದುಕೊಳ್ಳದೆ ಮಾಡಿಕೊಟ್ಟವರು. ಆದರೆ ಒಂದು ಬಟನ್ ಒತ್ತಿದರೆ ಎರಡು ಕಡೆ ಬರೆಯುವ ಪ್ರೋಗ್ರಾಂ ಹೇಗಿರಬೇಕು ಎಂಬ ಬಗ್ಗೆ ಕಾಮರ್ಸ್ ಓದುವ ನಮಗೆ ಹೇಳಲು ಏನೋ ಇದೆ ಎಂಬುದು ನನ್ನ ಅಭಿಪ್ರಾಯ. ಕಂಪ್ಯೂಟರ್ ಸೈನ್ಸ್‌ನವರಿಗಿಂತ ಸ್ವಲ್ಪ ಹೆಚ್ಚೇ ಇದೆ.

ಮೊದಲು ಏನಾಗಿತ್ತು ಎಂದು ಹೇಳುತ್ತೇನೆ. ಲೈಬ್ರರಿಯ ಡೇಟಾಬೇಸ್‌ನಲ್ಲಿ ಮುಖ್ಯವಾಗಿ ಎರಡು ಟೇಬಲ್ ಇವೆ. ಒಂದು ಪುಸ್ತಕಗಳ ಟೇಬಲ್: ಹೆಸರು, ಒಟ್ಟು ಪ್ರತಿ, ಕಪಾಟಿನಲ್ಲಿ ಎಷ್ಟು. ಇನ್ನೊಂದು ಎರವಲಿನ ಟೇಬಲ್: ಯಾರು, ಯಾವ ಪುಸ್ತಕ, ಯಾವಾಗ ಒಯ್ದರು, ಯಾವಾಗ ತಂದರು. "ವಾಪಸ್" ಬಟನ್ ಒತ್ತಿದಾಗ ಪ್ರೋಗ್ರಾಂ ಮೊದಲು ಪುಸ್ತಕಗಳ ಟೇಬಲ್‌ನಲ್ಲಿ ಕಪಾಟಿನ ಸಂಖ್ಯೆಗೆ ಒಂದು ಕೂಡಿಸುತ್ತಿತ್ತು. ಆಮೇಲೆ ಪೋಷಕರ ಮೊಬೈಲ್‌ಗೆ ಎಸ್‌ಎಂಎಸ್ ಕಳಿಸುತ್ತಿತ್ತು. ಅದಾದ ಮೇಲೆ ಎರವಲಿನ ಟೇಬಲ್‌ನಲ್ಲಿ ವಾಪಸ್ ಬಂದ ದಿನಾಂಕ ತುಂಬುತ್ತಿತ್ತು. ಅವತ್ತು ಇಂಟರ್ನೆಟ್ ಇರಲಿಲ್ಲ. ಎಸ್‌ಎಂಎಸ್ ಸಾಲಿನಲ್ಲಿ ಪ್ರೋಗ್ರಾಂ ಕಾದು ಕಾದು ಅಲ್ಲೇ ಸತ್ತಿತು. ಮೂರನೆಯ ಸಾಲಿಗೆ ಬರಲೇ ಇಲ್ಲ.

ಇದು ನನಗೆ ತಿಳಿದದ್ದು ನಮ್ಮ ಅಂಗಡಿಯಿಂದ. ಅಬ್ಬಾ ಟೈಲರ್‌ಗಳಿಗೆ ಬೇಕಾದ ದಾರ, ಗುಂಡಿ, ಜಿಪ್, ಲೈನಿಂಗ್ ಬಟ್ಟೆ ಮಾರುತ್ತಾರೆ. ಹೆಚ್ಚಿನ ಟೈಲರ್‌ಗಳದ್ದು ಉದ್ರಿ. ಅಬ್ಬಾ ಎರಡು ಪುಸ್ತಕ ಇಟ್ಟಿದ್ದಾರೆ: ದಿನದ ಜಮಾ ಖರ್ಚಿನ ರೋಜ್‌ನಾಮ್ಚಾ, ಮತ್ತು ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ ಇರುವ ಖಾತಾ. ಟೈಲರ್ ಒಬ್ಬ 500 ರೂಪಾಯಿ ಕೊಟ್ಟರೆ ಅದು ಎರಡರಲ್ಲೂ ಬರಬೇಕು. ಚಿಕ್ಕವಳಿದ್ದಾಗಿನಿಂದ ನಾನು ನೋಡಿದ್ದು ಇದು: ಅಬ್ಬಾ ಆ ನೋಟನ್ನು ಎಡಗೈಯ ಬೆರಳ ನಡುವೆ ಹಿಡಿದುಕೊಂಡೇ ಬಲಗೈಯಲ್ಲಿ ಎರಡೂ ಕಡೆ ಬರೆಯುತ್ತಾರೆ. ನಡುವೆ ಯಾರಾದರೂ "ಭಾಯ್, ಕಪ್ಪು ದಾರ ಇದೆಯಾ" ಎಂದು ಕೂಗಿದರೂ ನೋಟು ಬೆರಳಲ್ಲೇ ಇರುತ್ತದೆ. ಒಮ್ಮೆ ನಾನು ಗಲ್ಲಾದಲ್ಲಿ ಕೂತಿದ್ದಾಗ ರೋಜ್‌ನಾಮ್ಚಾದಲ್ಲಿ ಬರೆದು ನೋಟನ್ನು ಒಳಗೆ ಹಾಕಿಬಿಟ್ಟೆ. ಅಬ್ಬಾ ಹೇಳಿದ್ದು ಇನ್ನೂ ನೆನಪಿದೆ: "ದೋನೋ ಮೇಂ ಲಿಖೇ ಬಗೈರ್ ಪೈಸಾ ಗಲ್ಲೇ ಮೇಂ ನಕ್ಕೋ ಡಾಲ್." ಎರಡರಲ್ಲೂ ಬರೆಯುವವರೆಗೆ ದುಡ್ಡು ಗಲ್ಲಾಕ್ಕೆ ಹಾಕಬೇಡ. ಏಕೆಂದರೆ ನೋಟು ಒಳಗೆ ಬಿದ್ದ ಮೇಲೆ ಅದು ಉಳಿದ ನೋಟುಗಳ ಜೊತೆ ಸೇರಿಹೋಗುತ್ತದೆ, ಖಾತೆಯಲ್ಲಿ ಬರೆಯಲು ಮರೆತರೆ ಪಾಪದ ಟೈಲರ್ ಮತ್ತೆ 500 ಕೊಡಬೇಕಾಗುತ್ತದೆ.

ಅಬ್ಬಾ ಎಸ್‌ಎಸ್‌ಎಲ್‌ಸಿ ಮುಗಿಸಿಲ್ಲ. ಆದರೆ ಡೇಟಾಬೇಸ್‌ನವರು ಟ್ರಾನ್ಸಾಕ್ಷನ್ ಎನ್ನುವುದು ಆ ಎಡಗೈಯ ನೋಟನ್ನೇ. ಮೊದಲು "ಸ್ಟಾರ್ಟ್ ಟ್ರಾನ್ಸಾಕ್ಷನ್" ಎನ್ನಬೇಕು. ಆಮೇಲೆ ಮೊದಲ ಟೇಬಲ್ ಬದಲಿಸಬೇಕು, ಎರಡನೆಯದನ್ನು ಬದಲಿಸಬೇಕು. ಎರಡೂ ಸರಿಯಾಗಿದ್ದರೆ "ಕಮಿಟ್" ಎಂದರೆ ನೋಟು ಗಲ್ಲಾಕ್ಕೆ ಬಿತ್ತು. ನಡುವೆ ಏನಾದರೂ ತಪ್ಪಿದರೆ "ರೋಲ್‌ಬ್ಯಾಕ್": ಏನೂ ಆಗಿಲ್ಲ, ಗಿರಾಕಿಯ ನೋಟು ಗಿರಾಕಿಗೆ. ಕಮಿಟ್‌ಗೆ ಮೊದಲೇ ಕರೆಂಟ್ ಹೋದರೂ, ಡೇಟಾಬೇಸ್ ಮತ್ತೆ ಎದ್ದಾಗ ತನ್ನ ಲಾಗ್ ನೋಡಿ ಅರ್ಧ ಆದದ್ದನ್ನು ತಾನೇ ತೆಗೆದುಹಾಕುತ್ತದೆ. ಈ ವಿಚಾರವನ್ನು ಗಟ್ಟಿಯಾಗಿ ಕಟ್ಟಿದವರಲ್ಲಿ ಮುಖ್ಯರಾದವರು ಅಮೆರಿಕದ ಜಿಮ್ ಗ್ರೇ. ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೇ. 1981ರ ಒಂದು ಪ್ರಬಂಧದಲ್ಲಿ ಅವರು ಟ್ರಾನ್ಸಾಕ್ಷನ್ ಎಂಬ ಕಲ್ಪನೆ ಕರಾರಿನ ಕಾನೂನಿನಿಂದ ಬಂದದ್ದು ಎನ್ನುತ್ತಾರೆ. ಅಂದರೆ ಕಂಪ್ಯೂಟರ್‌ನವರೇ ನಮ್ಮ ವ್ಯಾಪಾರದ ಕಡೆಯಿಂದ ಸಾಲ ತಂದಿದ್ದಾರೆ, ನಾವೇನೂ ಅವರಿಂದ ಕಲಿಯುತ್ತಿಲ್ಲ!

ನಮ್ಮ ಪಠ್ಯದಲ್ಲೇ ಇದೆಲ್ಲ ಇದೆ. ಪ್ರಥಮ ಪಿಯುಸಿಯಲ್ಲಿ ದ್ವಿನಮೂದು ಪದ್ಧತಿ ಓದುವಾಗ ಲೂಕಾ ಪಚೋಲಿ ಹೆಸರು ಬರುತ್ತದೆ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಗಣಿತದ ಪುಸ್ತಕದಲ್ಲಿ ಅವರು ಅಲ್ಲಿನ ವ್ಯಾಪಾರಿಗಳು ಆಗಲೇ ಬಳಸುತ್ತಿದ್ದ ಕ್ರಮವನ್ನು ವಿವರಿಸಿದರು. ಅವರೇ ಕಂಡುಹಿಡಿದರು ಎಂದು ಬರೆದರೆ ನಮ್ಮ ಸರ್ ಅರ್ಧ ಅಂಕ ಕಳೆಯುತ್ತಾರೆ. ಆಮೇಲೆ ತಪ್ಪುಗಳ ತಿದ್ದುಪಡಿ ಎಂಬ ಅಧ್ಯಾಯ. ಒಂದು ಬದಿಯ ತಪ್ಪು ಎಂದರೆ ಡೆಬಿಟ್ ಬರೆದು ಕ್ರೆಡಿಟ್ ಬಿಟ್ಟುಬಿಡುವುದು. ಆಗ ತಾಳೆಪಟ್ಟಿ ತಾಳೆಯಾಗುವುದಿಲ್ಲ. ವ್ಯತ್ಯಾಸವನ್ನು ಸದ್ಯಕ್ಕೆ ಸಸ್ಪೆನ್ಸ್ ಅಕೌಂಟ್‌ಗೆ, ಕನ್ನಡದಲ್ಲಿ ಅನಾಮತು ಖಾತೆಗೆ, ಹಾಕುತ್ತೇವೆ. ಈ ಮಾತಿನ ಬಗ್ಗೆ ನನಗೆ ಒಂದು ತಮಾಷೆ. ಕನ್ನಡ ಪೇಪರ್‌ನಲ್ಲಿ "ಅಧಿಕಾರಿ ಅಮಾನತು" ಎಂದರೆ ಕೆಲಸದಿಂದ ದೂರ ಇಟ್ಟರು ಎಂದರ್ಥ. ನಮ್ಮ ಮನೆಯಲ್ಲಿ ಅಮಾನತ್ ಎಂದರೆ ಬೇರೆಯವರದ್ದು, ನಂಬಿ ನಮ್ಮ ಕೈಗೆ ಕೊಟ್ಟದ್ದು, ಹಾಗೇ ಹಿಂದಿರುಗಿಸಬೇಕಾದದ್ದು. ಎರಡು ಟೇಬಲ್‌ಗಳ ನಡುವೆ ಸಿಕ್ಕಿಕೊಂಡ ಗೆಳತಿಯ ಪುಸ್ತಕಕ್ಕೆ ಈ ಎರಡನೆಯ ಅರ್ಥವೇ ಹೊಂದುತ್ತದೆ. ಅವಳು ಕೊಟ್ಟಾಗಿತ್ತು, ಲೈಬ್ರರಿ ಒಪ್ಪಿಕೊಂಡಿರಲಿಲ್ಲ.

ನಮ್ಮ ಲೈಬ್ರರಿಯ ತಪ್ಪೂ ಒಂದು ಬದಿಯ ತಪ್ಪೇ. ಕಪಾಟಿನಲ್ಲಿ 3, ಹೊರಗೆ 1, ಕೂಡಿದರೆ 4, ಆದರೆ ಕೊಂಡದ್ದು 3. ಇದು ಹಿಡಿಯಲು ಕಷ್ಟವೇ ಇಲ್ಲದ ತಪ್ಪು. ಜನವರಿಯಲ್ಲಿ ನಾನು ಮೇಡಂ ಅನುಮತಿ ಪಡೆದು ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ಅರ್ಧ ಗಂಟೆಯಲ್ಲಿ ಇಂಥ ಏಳು ಪುಸ್ತಕ ಹಿಡಿದೆ. ಏಳರಲ್ಲೂ ಕಪಾಟು ಸರಿ, ವಿದ್ಯಾರ್ಥಿಯ ಹೆಸರಲ್ಲಿ ಬಾಕಿ. ಒಂದರಲ್ಲೂ ತಿರುಗಾಮುರುಗಾ ಆಗಿರಲಿಲ್ಲ.

ಏಕೆ ಏಳಕ್ಕೆ ಏಳೂ ಒಂದೇ ಕಡೆ? ಪ್ರೋಗ್ರಾಂನಲ್ಲಿ ಕಾಲೇಜಿಗೆ ಬರಬೇಕಾದದ್ದು ಮೊದಲ ಸಾಲಿನಲ್ಲಿತ್ತು, ವಿದ್ಯಾರ್ಥಿಗೆ ಸಿಗಬೇಕಾದದ್ದು ಕೊನೆಯ ಸಾಲಿನಲ್ಲಿತ್ತು. ಬರೆದವರು ಬೇಕೆಂದೇ ಹಾಗೆ ಮಾಡಲಿಲ್ಲ, ಮೊದಲು ಹೊಳೆದದ್ದನ್ನು ಮೊದಲು ಬರೆದರು ಅಷ್ಟೆ. ಆದರೆ ಟ್ರಾನ್ಸಾಕ್ಷನ್ ಇಲ್ಲದೆ ಎರಡು ಟೇಬಲ್ ಬದಲಿಸುವವರು, ತಮಗೆ ಗೊತ್ತಿಲ್ಲದೆಯೇ, ನಷ್ಟ ಬಂದರೆ ಯಾರಿಗೆ ಬರಲಿ ಎಂದು ತೀರ್ಮಾನ ಮಾಡಿರುತ್ತಾರೆ. ಸಾಲುಗಳ ಕ್ರಮವೇ ಆ ತೀರ್ಮಾನ. ಕ್ರಮ ತಿರುಗಿಸಿದರೆ ವಿದ್ಯಾರ್ಥಿ ಪಾರು, ಕಾಲೇಜಿನ ಲೆಕ್ಕದಲ್ಲಿ ಪುಸ್ತಕ ಮಾಯ. ಅದೂ ಸರಿಯಲ್ಲ. "ಇದೆಲ್ಲ ತಾಂತ್ರಿಕ ವಿಷಯ, ಕಾಮರ್ಸ್‌ನವರಿಗೇಕೆ" ಎಂದು ನನ್ನ ಸೆಕ್ಷನ್‌ನಲ್ಲೇ ಕೆಲವರು ಹೇಳಿದರು. ಯಾರಿಗೆ ನಷ್ಟ ಹೋಗಬೇಕು ಎಂಬುದು ಕಾಮರ್ಸ್ ಅಲ್ಲದೆ ಇನ್ನೇನು?

ರಿಪೇರಿಯ ಕಥೆ ಸ್ವಲ್ಪ ಹೇಳಲೇಬೇಕು. ನಮ್ಮ ಹಳೆಯ ವಿದ್ಯಾರ್ಥಿಗೆ ವಿಷಯ ತಿಳಿಸಿದಾಗ ಅವರು ಬೇಜಾರಾಗಲಿಲ್ಲ, ಒಂದು ಶನಿವಾರ ಬಂದು ಕೂತರು. ಮೈಎಸ್‌ಕ್ಯೂಎಲ್‌ನಲ್ಲಿ ನಾವು ಏನೂ ಹೇಳದಿದ್ದರೆ ಪ್ರತಿಯೊಂದು ಆಜ್ಞೆಯೂ ತನ್ನಷ್ಟಕ್ಕೆ ತಾನೇ ಕಮಿಟ್ ಆಗಿಬಿಡುತ್ತದೆ ಎಂದು ತೋರಿಸಿದರು. ಹಾಗಾಗಿ ಎರಡು ಸಾಲು ಅಕ್ಕಪಕ್ಕ ಇದ್ದ ಮಾತ್ರಕ್ಕೆ ಅವು ಜೋಡಿ ಆಗುವುದಿಲ್ಲ. ಎಸ್‌ಎಂಎಸ್ ಸಾಲನ್ನು ಕಮಿಟ್‌ನ ನಂತರಕ್ಕೆ ತಂದರು. ಹೋದ ಎಸ್‌ಎಂಎಸ್ ಅನ್ನು ಯಾವ ರೋಲ್‌ಬ್ಯಾಕ್ ಕೂಡ ವಾಪಸ್ ತರಲಾರದು, ಆದ್ದರಿಂದ ಲೆಕ್ಕ ಮುಗಿದ ಮೇಲೆಯೇ ಊರಿಗೆ ಸುದ್ದಿ. ಸುದ್ದಿ ಹೋಗದಿದ್ದರೂ ಲೆಕ್ಕ ಕೆಡುವುದಿಲ್ಲ. ಆಮೇಲೆ ಸ್ಟಾರ್ಟ್, ಕಮಿಟ್, ರೋಲ್‌ಬ್ಯಾಕ್ ಎಲ್ಲ ಹಾಕಿ, ಪರೀಕ್ಷೆ ಮಾಡಲು ನಡುವೆ ಬೇಕೆಂದೇ ಒಂದು ತಪ್ಪು ಸಾಲು ತುರುಕಿ ಬಟನ್ ಒತ್ತಿದರು.

ಮತ್ತೆ ಅರ್ಧವೇ ಆಯಿತು. ಕಪಾಟಿನ ಸಂಖ್ಯೆ ಹೆಚ್ಚಿತು, ಎರವಲು ಹಾಗೇ ಉಳಿಯಿತು.

ಒಂದು ಗಂಟೆ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಸಿಕ್ಕಿತು: ಟೇಬಲ್‌ಗಳು ಮೈಐಸ್ಯಾಮ್ ಎಂಬ ಹಳೆಯ ಬಗೆಯವು. ಅವರು ಒಂದು ಹಳೆಯ ಮಾದರಿ ಪ್ರಾಜೆಕ್ಟ್‌ನ ಫೈಲ್‌ನಿಂದ ಟೇಬಲ್‌ಗಳನ್ನು ಎತ್ತಿಕೊಂಡಿದ್ದರು. ಆ ಬಗೆಯ ಟೇಬಲ್‌ಗೆ ಟ್ರಾನ್ಸಾಕ್ಷನ್ ಎಂಬುದೇ ಗೊತ್ತಿಲ್ಲ. ಸ್ಟಾರ್ಟ್ ಎಂದರೆ ಸುಮ್ಮನೆ ತಲೆಯಾಡಿಸುತ್ತದೆ, ರೋಲ್‌ಬ್ಯಾಕ್ ಎಂದರೆ ಬದಲಾದದ್ದು ಬದಲಾದಂತೆಯೇ ಇರುತ್ತದೆ. ಮೈಎಸ್‌ಕ್ಯೂಎಲ್‌ನ 5.5ನೇ ಆವೃತ್ತಿಯಿಂದ, ಅಂದರೆ 2010ರಿಂದ, ಹೊಸ ಟೇಬಲ್‌ಗಳು ತಾವಾಗಿಯೇ ಇನ್ನೋಡಿಬಿ ಆಗುತ್ತವೆ, ಅದಕ್ಕೆ ಟ್ರಾನ್ಸಾಕ್ಷನ್ ಗೊತ್ತು. ಆದರೆ ಹಳೆಯ ಫೈಲ್‌ನಲ್ಲಿ ಮೈಐಸ್ಯಾಮ್ ಎಂದು ಬರೆದಿದ್ದರೆ ಅದು ಮೈಐಸ್ಯಾಮ್ ಆಗಿಯೇ ಹುಟ್ಟುತ್ತದೆ. ಟೇಬಲ್‌ಗಳ ಬಗೆ ಬದಲಿಸಿ ಮತ್ತೆ ಒತ್ತಿದರು. ಈ ಸಲ ಎರಡೂ ಟೇಬಲ್ ಮುಂಚಿನಂತೆಯೇ ಉಳಿದವು. ತಪ್ಪು ಸಾಲು ತೆಗೆದು ಒತ್ತಿದರು, ಎರಡೂ ಬದಲಾದವು. ನಾನು ಸುಮ್ಮನೆ ನೋಡುತ್ತಿದ್ದವಳು, ಆದರೂ ಚಪ್ಪಾಳೆ ಹೊಡೆದೆ. ಈ ತಪ್ಪು ಸಾಲು ತುರುಕಿ ನೋಡುವ ಪರೀಕ್ಷೆ ಮಾಡಿರದಿದ್ದರೆ ನಾವೆಲ್ಲ ರಿಪೇರಿ ಆಯಿತೆಂದು ಮನೆಗೆ ಹೋಗಿರುತ್ತಿದ್ದೆವು.

ಇಲ್ಲಿ ಒಂದು ಆಕ್ಷೇಪ ನನಗೇ ಬಂತು. ಕಪಾಟಿನಲ್ಲಿ ಎಷ್ಟಿವೆ ಎಂದು ಬರೆದಿಡುವುದಾದರೂ ಏಕೆ? ಒಟ್ಟು ಪ್ರತಿಯಿಂದ ಹೊರಗಿರುವುದನ್ನು ಕಳೆದರೆ ಸಿಗುತ್ತದಲ್ಲ. ಅವರು ಅದು ನಿಜ ಎಂದರು. ಒಂದೇ ಸಂಗತಿಯನ್ನು ಎರಡು ಕಡೆ ಇಡಬೇಡಿ ಎಂಬುದು 1970ರಲ್ಲಿ ಎಡ್ಗರ್ ಕಾಡ್ ಈ ಟೇಬಲ್ ಪದ್ಧತಿಯನ್ನು ಮುಂದಿಟ್ಟ ಕಾಲದಿಂದ ಬಂದ ಬುದ್ಧಿಮಾತು. ಹಾಗಾಗಿ ಆ ಕಾಲಂ ಈಗ ತೆಗೆದಿದ್ದಾರೆ. ಅಂದರೆ ಎರಡು ಟೇಬಲ್ ಒಟ್ಟಿಗೆ ಬದಲಿಸುವ ಅಗತ್ಯವೇ ಹೋಯಿತೇ? ಇಲ್ಲ. ತಡವಾಗಿ ತಂದರೆ ಎರವಲು ಮುಗಿಯಬೇಕು ಮತ್ತು ದಂಡದ ಟೇಬಲ್‌ನಲ್ಲಿ ಹೊಸ ಸಾಲು ಬರಬೇಕು. ಇವು ನಿಜವಾಗಿಯೂ ಎರಡು ಬೇರೆ ಸಂಗತಿ, ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಲಾಗದು, ಏಕೆಂದರೆ ದಂಡ ಕೆಲವರಿಗೆ ಮಾಫಿಯಾಗುತ್ತದೆ. ಇಂಥವು ಜೊತೆಯಾಗಿಯೇ ಆಗಬೇಕು. ಮೇಡಂ ಬಟನ್ ಎರಡು ಸಲ ಒತ್ತಿದರೆ ದಂಡ ಎರಡು ಸಲ ಬೀಳದಂತೆ ನೋಡುವುದು ಬೇರೆ ಕೆಲಸ. ಎರಡು ಪೂರ್ತಿ ಟ್ರಾನ್ಸಾಕ್ಷನ್ ಆದರೆ ರೋಲ್‌ಬ್ಯಾಕ್‌ಗೆ ಮಾಡಲು ಏನೂ ಇರುವುದಿಲ್ಲ. ಅದಕ್ಕೆ "ಇನ್ನೂ ವಾಪಸ್ ಬಂದಿಲ್ಲದಿದ್ದರೆ ಮಾತ್ರ" ಎಂಬ ಷರತ್ತು ಹಾಕಿದ್ದಾರೆ.

"ನಾಲ್ಕು ಕಪಾಟಿನ ಲೈಬ್ರರಿಗೆ ಇಷ್ಟೊಂದು ಏಕೆ, ಇದು ಬ್ಯಾಂಕ್ ಅಲ್ಲವಲ್ಲ" ಎಂದವರೂ ಇದ್ದಾರೆ. ಬ್ಯಾಂಕಿನ ಮಾತು ಬಂದದ್ದು ಒಳ್ಳೆಯದಾಯಿತು. ಯುಪಿಐನಲ್ಲಿ ನಮ್ಮ ಬ್ಯಾಂಕ್ ಬೇರೆ, ಎದುರಿನವರ ಬ್ಯಾಂಕ್ ಬೇರೆ, ಡೇಟಾಬೇಸ್ ಕೂಡ ಬೇರೆ ಬೇರೆ. ಅಲ್ಲಿ ಒಂದೇ ಕಮಿಟ್‌ನಲ್ಲಿ ಎರಡನ್ನೂ ಹಿಡಿಯುವುದು ನಮ್ಮಷ್ಟು ಸುಲಭವಲ್ಲ, ಆದ್ದರಿಂದ ಕೆಲವು ಸಲ ಇಲ್ಲಿ ಕಟ್ ಆಗಿ ಅಲ್ಲಿ ಬಂದಿರುವುದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ನಿಯಮ ಮಾಡಿತು: ಯುಪಿಐನಲ್ಲಿ ಒಬ್ಬರಿಗೆ ಕಳಿಸಿದ ಹಣ ಕಟ್ ಆಗಿ ತಲುಪದಿದ್ದರೆ ಹೆಚ್ಚೆಂದರೆ ಮರುದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ಗಿರಾಕಿಗೆ ದಿನಕ್ಕೆ 100 ರೂಪಾಯಿ ಕೊಡಬೇಕು, ಅದೂ ಅವರು ದೂರು ಕೊಡುವವರೆಗೆ ಕಾಯದೆ. ಅಲ್ಲಿ ಅರ್ಧ ಬರೆದ ಲೆಕ್ಕಕ್ಕೆ ಬ್ಯಾಂಕ್ ದಿನಕ್ಕೆ 100 ಕೊಡುತ್ತದೆ. ಇಲ್ಲಿ ಅರ್ಧ ಬರೆದ ಲೆಕ್ಕಕ್ಕೆ ನನ್ನ ಗೆಳತಿ ದಿನಕ್ಕೆ 1 ರೂಪಾಯಿ ಕೊಟ್ಟಳು. ಒಂದೇ ಡೇಟಾಬೇಸ್, ಒಂದೇ ಕಂಪ್ಯೂಟರ್, ಅದೂ ಮೇಡಂ ಮೇಜಿನ ಕೆಳಗೇ ಇರುವುದು. ನಮಗೆ ಬ್ಯಾಂಕ್‌ನವರ ಹಾಗೆ ಕಷ್ಟದ ನೆಪವೂ ಇಲ್ಲ.

ಆದ್ದರಿಂದ ಕಾಲೇಜಿನಲ್ಲಿ ನನ್ನ ಕೋರಿಕೆ ಇಷ್ಟು. ಫೀಸ್ ಕೌಂಟರ್‌ನಲ್ಲಿ ಇರುವ ಪ್ರೋಗ್ರಾಂ ಹೊರಗಿನಿಂದ ಕೊಂಡದ್ದು. ಅಲ್ಲಿಯೂ ಒಂದು ಬಟನ್‌ಗೆ ರಸೀದಿಯೂ ಆಗುತ್ತದೆ, ವಿದ್ಯಾರ್ಥಿಯ ಬಾಕಿಯೂ ಇಳಿಯುತ್ತದೆ. ಅದನ್ನು ಕೊಟ್ಟವರನ್ನು ಕರೆಸಿ, ಒಂದು ಸುಳ್ಳು ಹೆಸರಿನ ವಿದ್ಯಾರ್ಥಿಯ ಮೇಲೆ, ನಡುವೆ ತಪ್ಪಿಸಿ ತೋರಿಸಿ ಎಂದು ಆಡಳಿತದವರು ಕೇಳಬೇಕು. ತೋರಿಸಲು ಒಪ್ಪದಿದ್ದರೆ ಅದೇ ಉತ್ತರ. ಮತ್ತು ಎಷ್ಟೇ ಒಳ್ಳೆಯ ಪ್ರೋಗ್ರಾಂ ಇದ್ದರೂ ತಿಂಗಳಿಗೊಮ್ಮೆ ತಾಳೆ ನೋಡುವ ಕೆಲಸ ದ್ವಿತೀಯ ಪಿಯುಸಿ ಕಾಮರ್ಸ್‌ನವರಿಗೆ ಕೊಡಿ. ಪ್ರಾಜೆಕ್ಟ್ ಎಂದು ಮಾರುಕಟ್ಟೆಯ ತರಕಾರಿ ಬೆಲೆ ಬರೆದುಕೊಂಡು ಬರುವುದಕ್ಕಿಂತ ನಮಗೂ ಉಪಯೋಗ. ಎರಡು ಪುಟ ಹೊಂದದೆ ಇದ್ದಾಗ, ಹೊಂದುವವರೆಗೆ ವಿದ್ಯಾರ್ಥಿಯ ಮಾತನ್ನು ನಂಬಿ. ಯಾರಿಂದಲೂ ಅಷ್ಟರೊಳಗೆ ದಂಡ ಕಟ್ಟಿಸಿಕೊಳ್ಳಬೇಡಿ.

ಕೊನೆಯದಾಗಿ ಗೆಳತಿಯ ವಿಷಯ. ಅವಳ 355 ರೂಪಾಯಿ ಫೆಬ್ರುವರಿ ಮೊದಲ ವಾರ ವಾಪಸ್ ಬಂತು. ಆಫೀಸ್‌ನಲ್ಲಿ ಹಳೆಯ ರಸೀದಿಯನ್ನು ಹರಿದುಹಾಕುತ್ತೇವೆ ಎಂದರಂತೆ. ಬೇಡ, ಎದುರು ನಮೂದು ಹಾಕಿ, ಎರಡೂ ಇರಲಿ ಎಂದು ಅವಳೇ ಹೇಳಿದಳಂತೆ. ಕಟ್ಟಿದ್ದೂ ಪುಸ್ತಕದಲ್ಲಿ ಕಾಣಬೇಕು, ವಾಪಸ್ ಕೊಟ್ಟದ್ದೂ ಕಾಣಬೇಕು. ಮೇಡಂ ಅವಳನ್ನು ಕರೆದು, "ನೀನು ಹೇಳಿದ್ದೇ ಸರಿ ಇತ್ತಮ್ಮ" ಎಂದರು. ಉಳಿದ ಆರು ಜನರಲ್ಲಿ ಇಬ್ಬರು ಕಳೆದ ವರ್ಷವೇ ಕಾಲೇಜು ಬಿಟ್ಟಿದ್ದಾರೆ, ಅವರೂ ದಂಡ ಕಟ್ಟಿ ಹೋದವರು. ಅವರ ಮೊಬೈಲ್ ನಂಬರ್ ಬದಲಾಗಿದೆ. ಯಾರಿಗಾದರೂ ಗೊತ್ತಿದ್ದರೆ ಲೈಬ್ರರಿಯಲ್ಲಿ ತಿಳಿಸಿ, ಅವರ ದುಡ್ಡು ಅಲ್ಲಿ ಲಕೋಟೆಯಲ್ಲಿದೆ.